ಭೂಲೋಕಮಲ್ಲನ ರಜೆಗೆ ದುಡಿದವರು ಯಾರು?

ಬೇಟೆ, ಮೀನು ಹಿಡಿಯೋದು, ನೀರಾಟ, ಮರಳ ದಿಣ್ಣೆ ಮೇಲಿನ ಆಟ. ಇವತ್ತು ಆಫ್ರಿಕಾ ಸಫಾರಿ, ಸರೋವರದ ಬೀಚು ಅಂತ ಪ್ಯಾಕೇಜು ಮಾರುವವರ ಪಟ್ಟಿಯಂತಿದೆ. ಆದರೆ ಇದು 1129ರ ಸುಮಾರಿನದು. ಬರೆದವನು ಇಂದಿನ ಬಸವಕಲ್ಯಾಣದಿಂದ ಆಳಿದ ಚಾಲುಕ್ಯ ದೊರೆ, ಭೂಲೋಕಮಲ್ಲ ಮೂರನೇ ಸೋಮೇಶ್ವರ.

ಈತ ಆರನೇ ವಿಕ್ರಮಾದಿತ್ಯನ ಮಗ. ಅಪ್ಪನ ಹೊಗಳಿಕೆಯನ್ನು ಹುಮನಾಬಾದ್ ತಾಲೂಕಿನ ಜಲಸಂಗಿ ಗುಡಿಯ ಶಿಲಾಬಾಲಿಕೆ ಇವತ್ತಿಗೂ ಬರೆಯುತ್ತಾ ನಿಂತಿದ್ದಾಳೆ. ಮಗ ತಾನೇ ಬರೆಯಲು ಕೂತ. ಸಂಸ್ಕೃತದ ‘ಮಾನಸೋಲ್ಲಾಸ’ದಲ್ಲಿ ಐದು ಭಾಗ, 100 ಅಧ್ಯಾಯ. ರಾಜ್ಯ ಗಳಿಸೋದಕ್ಕೆ, ಉಳಿಸೋದಕ್ಕೆ ಎರಡು ಭಾಗ. ಭೋಗ, ವಿನೋದ, ಕ್ರೀಡೆಗೆ ಮೂರು.

ನನಗೆ ಇದು ಬರೀ ಶೋಕಿ ಅನ್ನಿಸೋಲ್ಲ. ಅಡುಗೆ, ಆನೆ, ಮೀನಿನ ಬಗೆಗಿನ ಅಷ್ಟೂ ವಿವರ ದುಡಿಯುವವರ ಅರಿವಿನಿಂದಲೇ ಬಂದಿರಬೇಕು. ಸುಖ ಮಾತ್ರ ದೊರೆಯದು. ಬಲೆ ಹೆಣೆದವರ, ಮೃಗ ಅಟ್ಟಿಕೊಂಡು ಬಂದವರ ಹೆಸರು ಉಳಿಯಲಿಲ್ಲ.

1138ರಲ್ಲಿ ಸೋಮೇಶ್ವರ ತೀರಿಕೊಂಡ. ಕೆಲವೇ ದಶಕದಲ್ಲಿ ಕಲ್ಯಾಣ ಕಲಚುರಿ ಬಿಜ್ಜಳನ ಕೈಗೆ ಹೋಯ್ತು. ಆ ಕಾಲದ ಶರಣರಲ್ಲಿ ಅಂಬಿಗ, ಮಡಿವಾಳ, ಮಾದಾರರು ಕಸುಬನ್ನೇ ಹೆಸರಿಗೆ ಸೇರಿಸಿಕೊಂಡು ವಚನ ನುಡಿದರು.

ಬಸವಕಲ್ಯಾಣಕ್ಕೆ ಪ್ರವಾಸಿಗರನ್ನು ಕರೆಯುವ ಯೋಜನೆ ಹಾಕೋರು ಈ ಎರಡೂ ಕಥೆ ಓದಲಿ. ರೆಸಾರ್ಟಿನ ನಕ್ಷೆಗೆ ಮೊದಲು ಅಲ್ಲಿ ದುಡಿಯುವವರ ಕೂಲಿಯ ಲೆಕ್ಕ ಬರೆಯಲಿ.