ಮೂರು ಹೆಸರಿನ ನಾಟಕಕಾರ

ಸ್ಕಾಲರ್‌ಶಿಪ್ ಅರ್ಜಿ ಮೂರನೇ ಸಲ ವಾಪಸ್ ಬಂದ ದಿನ ನನಗೆ ಶ್ರೀರಂಗರು ಸಿಕ್ಕರು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ನನ್ನ ಹೆಸರಿನ ಜೊತೆ ಎರಡು ಇನಿಷಿಯಲ್ ಇವೆ, ಆಧಾರ್‌ನಲ್ಲಿ ಒಂದೂ ಇಲ್ಲ. ಇಬ್ಬರೂ ನಾನೇ ಎಂದು ಅಫಿಡವಿಟ್ ತರಬೇಕಂತೆ! ತಿಳವಳ್ಳಿಯಿಂದ ಹಾನಗಲ್ಲಿಗೆ ಹೋಗುವ ಬಸ್ಸಿನಲ್ಲಿ ಕುಳಿತು, ಹಾಸ್ಟೆಲ್ ಗೆಳೆಯ ಕೊಟ್ಟಿದ್ದ ‘ಕೇಳು ಜನಮೇಜಯ’ ತೆರೆದೆ.

ಬರೆದವರು ಶ್ರೀರಂಗ. ಅವರೇ ಆದ್ಯ ರಂಗಾಚಾರ್ಯ. ಸಂಸ್ಕೃತ ನಾಟಕಗಳ ಬಗ್ಗೆ ಇಂಗ್ಲಿಷಿನಲ್ಲಿ ಪುಸ್ತಕ ಬರೆದ ಆರ್.ವಿ. ಜಾಗೀರದಾರರೂ ಅವರೇ. ನನ್ನ ಹಾಗೆ ಅರ್ಜಿ ಹಾಕಿದ್ದರೆ ಅವರಿಗೆ ಎಷ್ಟು ಅಫಿಡವಿಟ್ ಬೇಕಾಗುತ್ತಿದ್ದವೋ!

ಹುಟ್ಟಿದ್ದು 1904ರಲ್ಲಿ, ವಿಜಯಪುರ ಜಿಲ್ಲೆಯ ಅಗರಖೇಡದಲ್ಲಿ. ಓದಿದ್ದು ಪುಣೆ, ಲಂಡನ್‌ನಲ್ಲಿ. 1928ರಿಂದ ಇಪ್ಪತ್ತು ವರ್ಷ ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಸಂಸ್ಕೃತ ಪ್ರಾಧ್ಯಾಪಕರು. ತಿಂಗಳಿಗೆ ಸರಿಯಾಗಿ ಸಂಬಳ ಬರುವ ನೌಕರಿ. ಅಲ್ಲಿದ್ದುಕೊಂಡೇ ಅಸ್ಪೃಶ್ಯತೆಯ ಬಗ್ಗೆ ‘ಹರಿಜನ್ವಾರ’ ನಾಟಕ ಬರೆದರು. ನಾವಾಗಿದ್ದರೆ ಇಂಥದ್ದನ್ನು ವಾಟ್ಸ್‌ಆ್ಯಪ್ ಸ್ಟೇಟಸ್‌ಗೆ ಹಾಕಲೂ ಪ್ಲೇಸ್‌ಮೆಂಟ್ ಮುಗಿಯಲಿ ಎಂದು ಕಾಯುತ್ತಿದ್ದೆವು.

ಸ್ವಾತಂತ್ರ್ಯ ಬಂದಿತು. ಎಲ್ಲರೂ ಜೈಕಾರ ಹಾಕುವ ಹೊತ್ತಿನಲ್ಲಿ ಇವರು ‘ಶೋಕಚಕ್ರ’ ಬರೆದರು. ಧ್ವಜದಲ್ಲಿರುವ ಅಶೋಕಚಕ್ರದಿಂದ ಒಂದೇ ಅಕ್ಷರ ಕಿತ್ತಿದ್ದಾರೆ, ಅಷ್ಟೇ. ಹೊಸ ಅಧಿಕಾರಸ್ಥರ ಬಗ್ಗೆ ಹೇಳಬೇಕಾದದ್ದೆಲ್ಲ ಆ ಹೆಸರಿನಲ್ಲೇ ಇದೆ. 1960ರ ಸುಮಾರಿಗೆ ಬಂದ ‘ಕತ್ತಲೆ ಬೆಳಕು’, ‘ಕೇಳು ಜನಮೇಜಯ’ಗಳಲ್ಲಿ ದಿವಾನಖಾನೆ, ಸೋಫಾ, ಸಂಸಾರದ ಜಗಳ ಎಲ್ಲವನ್ನೂ ಪಕ್ಕಕ್ಕೆ ತಳ್ಳಿ, ರಂಗಭೂಮಿಯನ್ನೇ ರಂಗದ ಮೇಲೆ ತಂದರು. ಮಹಾಭಾರತದ ಕಥೆ ಕೇಳಿದವನು ರಾಜ ಜನಮೇಜಯ. ಇಲ್ಲಿ ಕೇಳಬೇಕಾದವರು ಟಿಕೆಟ್ ಕೊಂಡು ಕೂತ ನಾವು. ನಿಜ ಹೇಳುತ್ತೇನೆ, ಮೊದಲ ಓದಿಗೆ ಅರ್ಧ ಅರ್ಥವಾಗಲಿಲ್ಲ. ಒಂದನೇ ಕೌಂಟರಿನಿಂದ ನಾಲ್ಕಕ್ಕೆ, ನಾಲ್ಕರಿಂದ ಮತ್ತೆ ಒಂದಕ್ಕೆ ಅಲೆದು ಬಂದು ಓದಿದಾಗ ನಗು ಬಂತು.

ಮುಂದೆ ನಮ್ಮ ಸವಣೂರು ತಾಲ್ಲೂಕಿನ ಹತ್ತಿಮತ್ತೂರಿನ ಚಂಪಾ ‘ಕೊಡೆಗಳು’ ಬರೆದು ಕನ್ನಡದ ಅಸಂಗತ ನಾಟಕಕ್ಕೆ ಹೆಸರಾದರು. ಆ ದಾರಿಯ ಮುಳ್ಳು ಮೊದಲು ಸವರಿದವರಲ್ಲಿ ಶ್ರೀರಂಗರೂ ಒಬ್ಬರು ಎಂಬುದು ನನ್ನ ಅನಿಸಿಕೆ.

40ಕ್ಕೂ ಹೆಚ್ಚು ನಾಟಕ ಬರೆದವರಿಗೆ 1971ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದು ನಾಟಕಕ್ಕಲ್ಲ, ‘ಕಾಳಿದಾಸ’ ಎಂಬ ವಿಮರ್ಶೆಗೆ. ಮರುವರ್ಷ ಪದ್ಮಭೂಷಣ. 1984ರಲ್ಲಿ ತೀರಿಕೊಂಡರು. ನಾನು ಹುಟ್ಟಲು ಇನ್ನೂ ಇಪ್ಪತ್ತು ವರ್ಷ ಇತ್ತು.

ಮೊನ್ನೆ ನಾಲ್ಕನೇ ಅರ್ಜಿಗೆ ಅಫಿಡವಿಟ್ ಲಗತ್ತಿಸಿ ಕೊಟ್ಟೆ. ಮನೆಗೆ ಬಂದು ಜೆರಾಕ್ಸ್ ನೋಡುತ್ತೇನೆ, ಟೈಪ್ ಮಾಡಿದವರು ಒಂದು ಇನಿಷಿಯಲ್ ಬಿಟ್ಟಿದ್ದಾರೆ.