ಜಾನ್ ಹ್ಯಾಂಪ್ಡನ್

ಆ ಕಾಲದಲ್ಲಿ ಇಪ್ಪತ್ತು ಷಿಲಿಂಗು ಎಂದರೆ ಒಂದು ಪೌಂಡು ಆಗಿತ್ತು. ಇಂಗ್ಲೆಂಡಿನ ಬಕಿಂಗ್‌ಹ್ಯಾಮ್‌ಷೈರಿನಲ್ಲಿ ಹಲವು ಗ್ರಾಮಗಳ ಭೂಮಿಗೆ ಒಡೆಯನಾಗಿದ್ದ ಜಾನ್ ಹ್ಯಾಂಪ್ಡನ್ನನಿಗೆ ಅದು ಲೆಕ್ಕಕ್ಕೆ ಬಾರದ ಹಣ. ಆದರೂ ಅದನ್ನು ತೆರಲೊಪ್ಪದೆ ಅವನು ಸಾಕ್ಷಾತ್ ದೊರೆಗೇ ಎದುರಾಗಿ ನ್ಯಾಯಾಲಯದಲ್ಲಿ ನಿಂತನು.

ಹ್ಯಾಂಪ್ಡನ್ ಜನಿಸಿದುದು ಸುಮಾರು 1595ರಲ್ಲಿ. ಥೇಮ್ ಎಂಬ ಊರಿನ ಶಾಲೆಯಲ್ಲಿಯೂ ಅನಂತರ ಆಕ್ಸ್‌ಫರ್ಡಿನಲ್ಲಿಯೂ ಓದಿ, ಲಂಡನ್ನಿನಲ್ಲಿ ನ್ಯಾಯಶಾಸ್ತ್ರವನ್ನು ಅಭ್ಯಸಿಸಿದನು. ಮುಂದೆ ಪ್ರಸಿದ್ಧನಾದ ಆಲಿವರ್ ಕ್ರಾಮ್‌ವೆಲ್ ಇವನ ಸೋದರಮಾವನ ಮಗ. 1621ರಲ್ಲಿ ಹ್ಯಾಂಪ್ಡನ್ ಪಾರ್ಲಿಮೆಂಟನ್ನು ಪ್ರವೇಶಿಸಿದನು.

1625ರಲ್ಲಿ ಪಟ್ಟವೇರಿದ ಒಂದನೆಯ ಚಾರ್ಲ್ಸ್ ದೊರೆಯು ತನ್ನ ಅಧಿಕಾರ ದೇವದತ್ತವಾದುದೆಂದು ನಂಬಿದ್ದನು. ತನ್ನ ಒಪ್ಪಿಗೆಯಿಲ್ಲದೆ ತೆರಿಗೆ ವಿಧಿಸಕೂಡದೆಂಬುದು ಪಾರ್ಲಿಮೆಂಟಿನ ಹಟ. ದೊರೆ ಬಲವಂತವಾಗಿ ಕೇಳಿದ ಸಾಲವನ್ನು ನಿರಾಕರಿಸಿ ಹ್ಯಾಂಪ್ಡನ್ 1627ರಲ್ಲಿ ಸೆರೆವಾಸವನ್ನು ಅನುಭವಿಸಿದನು. 1629ರಲ್ಲಿ ಪಾರ್ಲಿಮೆಂಟನ್ನು ವಿಸರ್ಜಿಸಿದ ಚಾರ್ಲ್ಸ್ ಹನ್ನೊಂದು ವರ್ಷ ಅದನ್ನು ಕರೆಯದೆಯೇ ಆಳಿದನು. ದೊರೆಯನ್ನು ವಿರೋಧಿಸಿದ ಸರ್ ಜಾನ್ ಎಲಿಯಟ್ 1632ರಲ್ಲಿ ಸೆರೆಯಲ್ಲಿಯೇ ಮಡಿದನು. ಸೆರೆಯಲ್ಲಿದ್ದ ಆ ಗೆಳೆಯನ ಮಕ್ಕಳ ಯೋಗಕ್ಷೇಮವನ್ನು ವಿಚಾರಿಸಿಕೊಂಡವನು ಹ್ಯಾಂಪ್ಡನ್.

ಪಾರ್ಲಿಮೆಂಟಿಲ್ಲದೆ ಹಣವೆಲ್ಲಿಂದ ಬರಬೇಕು? ಯುದ್ಧಕಾಲದಲ್ಲಿ ಕಡಲತೀರದ ಊರುಗಳು ದೊರೆಗೆ ಹಡಗುಗಳನ್ನೋ ಅವುಗಳ ಬೆಲೆಯನ್ನೋ ಒಪ್ಪಿಸುವ ಹಳೆಯ ಪದ್ಧತಿಯೊಂದಿತ್ತು. ಚಾರ್ಲ್ಸ್ ಅದನ್ನು 1634ರಲ್ಲಿ, ಯುದ್ಧವಿಲ್ಲದ ದಿನಗಳಲ್ಲಿಯೇ ಹೇರಿದನು. ಮರುವರ್ಷ ಒಳನಾಡಿಗೂ ವಿಸ್ತರಿಸಿದನು. ಕಡಲಿನ ಅಂಚೇ ಇಲ್ಲದ ಬಕಿಂಗ್‌ಹ್ಯಾಮ್‌ಷೈರಿನವರೂ ಹಡಗಿನ ತೆರಿಗೆ ಕೊಡಬೇಕಾಯಿತು. ಸ್ಟೋಕ್ ಮ್ಯಾಂಡೆವಿಲ್ ಗ್ರಾಮದ ಜಮೀನಿಗೆಂದು ಹ್ಯಾಂಪ್ಡನ್ನನ ಪಾಲಿಗೆ ಬಂದುದು ಆ ಇಪ್ಪತ್ತು ಷಿಲಿಂಗು. ಇಷ್ಟಕ್ಕಾಗಿ ಜಗಳವೇಕೆಂದು ನಿಮಗೆ ತೋರಬಹುದು. ಆದರೆ ಇಂದು ಇಪ್ಪತ್ತಕ್ಕೆ ಒಪ್ಪಿದವನು ನಾಳೆ ಇನ್ನೂರನ್ನು ಯಾವ ಬಾಯಿಂದ ಅಲ್ಲಗಳೆಯಬೇಕು?

1637ರಲ್ಲಿ ವಿಚಾರಣೆ ಆರಂಭವಾಯಿತು. ಮರುವರ್ಷ ಹೊರಬಿದ್ದ ತೀರ್ಪಿನಲ್ಲಿ ಹನ್ನೆರಡು ನ್ಯಾಯಾಧೀಶರ ಪೈಕಿ ಏಳು ಮಂದಿ ದೊರೆಯ ಪಕ್ಷ, ಐವರು ಹ್ಯಾಂಪ್ಡನ್ನನ ಪಕ್ಷ. ಅವನು ಸೋತನು. ಆದರೆ ದೊರೆಯೇ ನೇಮಿಸಿದ ನ್ಯಾಯಾಧೀಶರಲ್ಲಿ ಐವರು ದೊರೆಗೆ ವಿರುದ್ಧವಾಗಿ ನುಡಿದುದನ್ನು ನಾಡೆಲ್ಲ ಗಮನಿಸಿತು. ತೆರಿಗೆಯ ವಸೂಲಿ ಬರಬರುತ್ತ ಕುಗ್ಗಿತು. ಅಂದು ಸೋತವನ ಹೆಸರು ಮನೆಮಾತಾಯಿತು.

ಸ್ಕಾಟರೊಡನೆ ಯುದ್ಧ ಒದಗಿ, ಬೊಕ್ಕಸ ಬರಿದಾಗಿ, 1640ರಲ್ಲಿ ಚಾರ್ಲ್ಸ್ ಪಾರ್ಲಿಮೆಂಟನ್ನು ಕರೆಯಲೇಬೇಕಾಯಿತು. ಮರುವರ್ಷ ಹಡಗಿನ ತೆರಿಗೆ ಕಾನೂನುಬಾಹಿರವೆಂದು ಸಾರಲ್ಪಟ್ಟಿತು. 1642ರ ಜನವರಿ 4ರಂದು ದೊರೆಯು ಹ್ಯಾಂಪ್ಡನ್ನನೂ ಸೇರಿದಂತೆ ಐವರು ಸದಸ್ಯರನ್ನು ಹಿಡಿಯಲು ಶಸ್ತ್ರಧಾರಿಗಳೊಡನೆ ಸಭಾಭವನಕ್ಕೇ ಬಂದನು. ಮುನ್ಸೂಚನೆ ಪಡೆದಿದ್ದ ಐವರೂ ದೋಣಿಯೇರಿ ಪಾರಾಗಿದ್ದರು. ಅವರೆಲ್ಲಿ ಎಂದು ಕೇಳಿದ ದೊರೆಯ ಮುಂದೆ ಸಭಾಧ್ಯಕ್ಷ ಲೆಂತಾಲ್ ಮಂಡಿಯೂರಿದನು. ಆದರೆ ಸಭೆಯ ಅಪ್ಪಣೆಯಿಲ್ಲದೆ ತಾನು ಏನನ್ನೂ ಹೇಳಲಾರೆನೆಂದು ಬಿನ್ನವಿಸಿದನು. ಆ ಘಳಿಗೆಯಲ್ಲಿ ಮಂಡಿಯೂರಿದವನೇ ಎತ್ತರವಾಗಿ ಕಂಡಿರಬೇಕು!

ಅದೇ ವರ್ಷ ಅಂತರ್ಯುದ್ಧ ಹೊತ್ತಿಕೊಂಡಿತು. ಹ್ಯಾಂಪ್ಡನ್ ಪಾರ್ಲಿಮೆಂಟಿನ ಪರವಾಗಿ ಕಾಲಾಳುಗಳ ಪಡೆಯೊಂದನ್ನು ಕಟ್ಟಿದನು. 1643ರ ಜೂನ್ 18ರಂದು ಚಾಲ್‌ಗ್ರೋವ್ ಎಂಬಲ್ಲಿ ನಡೆದ ಕದನದಲ್ಲಿ ತೀವ್ರವಾಗಿ ಗಾಯಗೊಂಡನು. ಅದು ಶತ್ರುವಿನ ಗುಂಡೋ, ತನ್ನದೇ ಪಿಸ್ತೂಲು ಸಿಡಿದುದೋ ಎಂಬ ಚರ್ಚೆ ಇಂದಿಗೂ ಉಂಟು. ನೋವಿನಿಂದ ಬಳಲುತ್ತಲೇ ಥೇಮನ್ನು ತಲುಪಿ, ಬಾಲ್ಯದಲ್ಲಿ ತಾನು ಓದಿದ್ದ ಆ ಊರಿನಲ್ಲಿಯೇ ಜೂನ್ 24ರಂದು ಕಣ್ಣುಮುಚ್ಚಿದನು. ಅವನ ದೇಹವನ್ನು ಗ್ರೇಟ್ ಹ್ಯಾಂಪ್ಡನ್ ಗ್ರಾಮದ ಇಗರ್ಜಿಯಲ್ಲಿ ಮಣ್ಣುಮಾಡಿದರು.