ಡೊರೊಥಿ ಹಾಡ್ಜ್‌ಕಿನ್

ಡೊರೊಥಿ ಮೇರಿ ಕ್ರೋಫುಟ್ ಹಾಡ್ಜ್‌ಕಿನ್ (ಮೇ ೧೨, ೧೯೧೦ – ಜುಲೈ ೨೯, ೧೯೯೪) ಇಂಗ್ಲೆಂಡಿನ ಖ್ಯಾತ ರಸಾಯನವಿಜ್ಞಾನಿ. ಕ್ಷ-ಕಿರಣಗಳ ನೆರವಿನಿಂದ ಪೆನಿಸಿಲಿನ್, ಬಿ-೧೨ ಜೀವಸತ್ವ ಮತ್ತು ಇನ್ಸುಲಿನ್ ಅಣುಗಳ ರಚನೆಯನ್ನು ನಿರ್ಣಯಿಸಿದವರು. ೧೯೬೪ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಪ್ರಶಸ್ತಿ ಪಡೆದ ಇವರು ವಿಜ್ಞಾನದಲ್ಲಿ ಆ ಗೌರವಕ್ಕೆ ಪಾತ್ರರಾದ ಮೊದಲ ಬ್ರಿಟಿಷ್ ಮಹಿಳೆ. ರಸಾಯನಶಾಸ್ತ್ರವು ಹುಡುಗರ ವಿಷಯವೆಂದೇ ಎಣಿಸಲಾಗಿದ್ದ ಕಾಲದಲ್ಲಿ, ಪ್ರೌಢಶಾಲೆಯಲ್ಲಿ ವಿಶೇಷ ಅನುಮತಿ ಪಡೆದು ಆ ತರಗತಿಗೆ ಸೇರಿದುದು ಇವರ ಬದುಕಿನ ದಿಕ್ಕನ್ನು ನಿರ್ಧರಿಸಿತು.

ಜನನ ಮತ್ತು ಬಾಲ್ಯ

ಡೊರೊಥಿಯವರು ಈಜಿಪ್ಟಿನ ಕೈರೋ ನಗರದಲ್ಲಿ ಜನಿಸಿದರು. ತಂದೆ ಜಾನ್ ವಿಂಟರ್ ಕ್ರೋಫುಟ್ ಅಲ್ಲಿನ ಶಿಕ್ಷಣ ಇಲಾಖೆಯಲ್ಲಿ ಅಧಿಕಾರಿಯಾಗಿದ್ದರು. ಮುಂದೆ ಪುರಾತತ್ತ್ವಜ್ಞರಾಗಿ ಹೆಸರು ಮಾಡಿದರು. ತಾಯಿ ಗ್ರೇಸ್ ಮೇರಿ ಪ್ರಾಚೀನ ನೇಯ್ಗೆಯ ವಿಷಯದಲ್ಲಿ ವಿದ್ವಾಂಸರು. ನಾಲ್ವರು ಹೆಣ್ಣುಮಕ್ಕಳಲ್ಲಿ ಡೊರೊಥಿಯವರೇ ಹಿರಿಯರು. ಮೊದಲ ಮಹಾಯುದ್ಧ ಆರಂಭವಾದಾಗ ಮಕ್ಕಳನ್ನು ಇಂಗ್ಲೆಂಡಿನಲ್ಲಿ ಬಿಡಲಾಯಿತು. ತಂದೆತಾಯಿಯರು ಹೆಚ್ಚು ಕಾಲ ವಿದೇಶದಲ್ಲಿಯೇ ಇದ್ದುದರಿಂದ ತಂಗಿಯರನ್ನು ನೋಡಿಕೊಳ್ಳುವ ಹೊಣೆಯೂ ಚಿಕ್ಕ ವಯಸ್ಸಿನಲ್ಲಿಯೇ ಇವರ ಮೇಲೆ ಬಿತ್ತು.

ಹತ್ತನೆಯ ವಯಸ್ಸಿನಲ್ಲಿ ಪಟಿಕ ಮತ್ತು ಮೈಲುತುತ್ತದ ದ್ರಾವಣಗಳಿಂದ ಹರಳುಗಳನ್ನು ಬೆಳೆಸುವ ಪಾಠ ಇವರನ್ನು ಆಕರ್ಷಿಸಿತು. ೧೯೨೩ರಲ್ಲಿ ತಂದೆತಾಯಿಯರನ್ನು ನೋಡಲು ಸೂಡಾನಿಗೆ ಹೋಗಿದ್ದಾಗ, ಅಲ್ಲಿ ಮಣ್ಣಿನ ರಸಾಯನತಜ್ಞರಾಗಿದ್ದ ಎ. ಎಫ್. ಜೋಸೆಫ್ ಅವರು ಇವರ ಆಸಕ್ತಿಯನ್ನು ಗಮನಿಸಿ ಖನಿಜಗಳನ್ನು ಪರೀಕ್ಷಿಸುವ ಕ್ರಮವನ್ನು ಕಲಿಸಿದರು ಮತ್ತು ರಾಸಾಯನಿಕಗಳನ್ನು ನೀಡಿದರು. ಊರಿಗೆ ಮರಳಿದ ಡೊರೊಥಿಯವರು ಮನೆಯ ಅಟ್ಟದಲ್ಲಿ ಪುಟ್ಟದೊಂದು ಪ್ರಯೋಗಶಾಲೆಯನ್ನು ಸಜ್ಜುಗೊಳಿಸಿಕೊಂಡರು.

ಪ್ರೌಢಶಾಲೆಯ ದಿನಗಳು

೧೯೨೧ರಲ್ಲಿ ಇವರು ಬೆಕಲ್ಸ್ ಪಟ್ಟಣದ ಸರ್ ಜಾನ್ ಲೆಮನ್ ಶಾಲೆಯನ್ನು ಸೇರಿದರು. ಅಲ್ಲಿ ಹುಡುಗರೂ ಹುಡುಗಿಯರೂ ಕಲಿಯುತ್ತಿದ್ದರಾದರೂ ರಸಾಯನಶಾಸ್ತ್ರದ ತರಗತಿ ಹುಡುಗರಿಗೆ ಮೀಸಲಾಗಿತ್ತು. ಡೊರೊಥಿ ಮತ್ತು ಅವರ ಒಬ್ಬ ಗೆಳತಿಗೆ ಮಾತ್ರ ಆ ತರಗತಿಯಲ್ಲಿ ಕುಳಿತುಕೊಳ್ಳಲು ಅನುಮತಿ ದೊರೆಯಿತು. ಹದಿನಾರನೆಯ ಹುಟ್ಟುಹಬ್ಬಕ್ಕೆ ತಾಯಿ ಕೊಟ್ಟ ವಿಲಿಯಂ ಹೆನ್ರಿ ಬ್ರ್ಯಾಗ್ ಅವರ ಪುಸ್ತಕದಿಂದ, ಕ್ಷ-ಕಿರಣಗಳ ಮೂಲಕ ಹರಳುಗಳೊಳಗಿನ ಪರಮಾಣುಗಳ ಜೋಡಣೆಯನ್ನು ಅರಿಯಬಹುದೆಂಬ ವಿಷಯ ಇವರಿಗೆ ತಿಳಿಯಿತು.

ಶಾಲೆಯ ಅಂತಿಮ ಪರೀಕ್ಷೆಯಲ್ಲಿ ಡೊರೊಥಿಯವರು ಉನ್ನತ ಶ್ರೇಣಿಯಲ್ಲಿ ತೇರ್ಗಡೆಯಾದರು. ಆದರೆ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಪ್ರವೇಶಕ್ಕೆ ಅಷ್ಟೇ ಸಾಲದಾಗಿತ್ತು. ರಸಾಯನಶಾಸ್ತ್ರವನ್ನು ಓದಬಯಸುವವರಿಗೂ ಲ್ಯಾಟಿನ್ ಭಾಷೆ ಕಡ್ಡಾಯವಾಗಿತ್ತು. ಅದನ್ನು ಇವರು ಶಾಲೆಯಲ್ಲಿ ಕಲಿತಿರಲಿಲ್ಲ. ಇನ್ನೊಂದು ವಿಜ್ಞಾನ ವಿಷಯವೂ ಬೇಕಾಗಿತ್ತು. ಶಾಲೆಯ ಮುಖ್ಯೋಪಾಧ್ಯಾಯರು ತಾವೇ ಪ್ರತ್ಯೇಕವಾಗಿ ಲ್ಯಾಟಿನ್ ಪಾಠ ಹೇಳಿಕೊಟ್ಟು ಇವರನ್ನು ಪ್ರವೇಶ ಪರೀಕ್ಷೆಗೆ ಸಿದ್ಧಗೊಳಿಸಿದರು. ಆ ನೆರವು ದೊರೆಯದಿದ್ದಲ್ಲಿ ರಸಾಯನಶಾಸ್ತ್ರದಲ್ಲಿ ಪಡೆದ ಅಂಕಗಳೆಲ್ಲ ವ್ಯರ್ಥವಾಗುತ್ತಿದ್ದವು.

ಉನ್ನತ ಶಿಕ್ಷಣ

೧೯೨೮ರಲ್ಲಿ ಆಕ್ಸ್‌ಫರ್ಡಿನ ಸಾಮರ್‌ವಿಲ್ ಮಹಿಳಾ ಕಾಲೇಜನ್ನು ಸೇರುವ ಮುನ್ನ ಇವರು ತಂದೆತಾಯಿಯರೊಡನೆ ಜೆರಾಶ್ ಎಂಬಲ್ಲಿ ಉತ್ಖನನದಲ್ಲಿ ತೊಡಗಿದ್ದರು. ಅಲ್ಲಿನ ಪುರಾತನ ಚರ್ಚುಗಳ ನೆಲಹಾಸಿನ ಚಿತ್ತಾರಗಳನ್ನು ಕಾಗದದ ಮೇಲೆ ಇಳಿಸುತ್ತ, ರಸಾಯನಶಾಸ್ತ್ರವನ್ನು ಬಿಟ್ಟು ಪುರಾತತ್ತ್ವವನ್ನೇ ಆರಿಸಿಕೊಳ್ಳುವ ಯೋಚನೆಯನ್ನೂ ಮಾಡಿದ್ದರು. ಕೊನೆಗೆ ರಸಾಯನಶಾಸ್ತ್ರದಲ್ಲಿಯೇ ಉಳಿದು ೧೯೩೨ರಲ್ಲಿ ಪ್ರಥಮ ದರ್ಜೆಯಲ್ಲಿ ಪದವಿ ಪಡೆದರು. ಬಳಿಕ ಕೇಂಬ್ರಿಡ್ಜಿನಲ್ಲಿ ಜೆ. ಡಿ. ಬರ್ನಾಲ್ ಅವರೊಡನೆ ಸಂಶೋಧನೆ ನಡೆಸಿದರು. ೧೯೩೪ರಲ್ಲಿ ಇಬ್ಬರೂ ಸೇರಿ ಪೆಪ್ಸಿನ್ ಎಂಬ ಪ್ರೋಟೀನಿನ ಹರಳಿನ ಕ್ಷ-ಕಿರಣ ಚಿತ್ರವನ್ನು ಪ್ರಕಟಿಸಿದರು. ಅದೇ ವರ್ಷ ಆಕ್ಸ್‌ಫರ್ಡಿಗೆ ಮರಳಿದ ಡೊರೊಥಿಯವರಿಗೆ ೧೯೩೭ರಲ್ಲಿ ಕೇಂಬ್ರಿಡ್ಜ್ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಪದವಿ ಲಭಿಸಿತು.

ಸಂಶೋಧನೆಗಳು

ಹರಳಿನ ಮೇಲೆ ಕ್ಷ-ಕಿರಣಗಳನ್ನು ಹಾಯಿಸಿದಾಗ ಅವು ನಿರ್ದಿಷ್ಟ ದಿಕ್ಕುಗಳಲ್ಲಿ ಚದುರಿ ಛಾಯಾಚಿತ್ರದ ಹಾಳೆಯ ಮೇಲೆ ಚುಕ್ಕೆಗಳನ್ನು ಮೂಡಿಸುತ್ತವೆ. ಚುಕ್ಕೆಗಳ ಸ್ಥಾನ ಮತ್ತು ತೀವ್ರತೆಯನ್ನು ಅಳೆದು, ದೀರ್ಘ ಗಣಿತದ ಮೂಲಕ ಅಣುವಿನಲ್ಲಿರುವ ಪರಮಾಣುಗಳ ಜೋಡಣೆಯನ್ನು ನಿರ್ಧರಿಸಬಹುದು. ಗಣಕಯಂತ್ರಗಳು ಬಳಕೆಗೆ ಬರುವ ಮುನ್ನ ಈ ಲೆಕ್ಕಗಳನ್ನು ಬಹುಪಾಲು ಕೈಯಿಂದಲೇ ಮಾಡಬೇಕಾಗಿತ್ತು.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಪೆನಿಸಿಲಿನ್ ರಚನೆಯ ಬಗ್ಗೆ ರಸಾಯನವಿಜ್ಞಾನಿಗಳಲ್ಲಿ ಭಿನ್ನಾಭಿಪ್ರಾಯವಿತ್ತು. ೧೯೪೫ರ ಹೊತ್ತಿಗೆ ಡೊರೊಥಿ ಮತ್ತು ಅವರ ಸಹೋದ್ಯೋಗಿಗಳು ಅದರಲ್ಲಿ ನಾಲ್ಕು ಪರಮಾಣುಗಳ ಬೀಟಾ-ಲ್ಯಾಕ್ಟಮ್ ಉಂಗುರವಿದೆ ಎಂದು ಸಿದ್ಧಪಡಿಸಿ ಆ ವಿವಾದವನ್ನು ಬಗೆಹರಿಸಿದರು. ಬಳಿಕ ಮಾರಕ ರಕ್ತಹೀನತೆಯ ಚಿಕಿತ್ಸೆಗೆ ಬೇಕಾದ ಬಿ-೧೨ ಜೀವಸತ್ವವನ್ನು ಕೈಗೆತ್ತಿಕೊಂಡರು. ೧೮೧ ಪರಮಾಣುಗಳಿರುವ ಆ ಅಣುವಿನ ರಚನೆಯನ್ನು ಬಿಡಿಸಲು ಸುಮಾರು ಎಂಟು ವರ್ಷ ಹಿಡಿಯಿತು. ಇನ್ಸುಲಿನ್ ಹರಳಿನ ಮೊದಲ ಚಿತ್ರಗಳನ್ನು ತೆಗೆದದ್ದು ೧೯೩೦ರ ದಶಕದ ಮಧ್ಯದಲ್ಲಿ. ಅದರ ರಚನೆ ಸ್ಪಷ್ಟವಾದುದು ೧೯೬೯ರಲ್ಲಿ.

ವೈಯಕ್ತಿಕ ಜೀವನ

೧೯೩೭ರಲ್ಲಿ ಥಾಮಸ್ ಹಾಡ್ಜ್‌ಕಿನ್ ಅವರನ್ನು ವಿವಾಹವಾದರು. ದಂಪತಿಗಳಿಗೆ ಮೂವರು ಮಕ್ಕಳು. ಇಪ್ಪತ್ತರ ಹರೆಯದಲ್ಲಿಯೇ ಕಾಣಿಸಿಕೊಂಡ ಸಂಧಿವಾತ ಇವರ ಕೈಕಾಲುಗಳನ್ನು ವಿರೂಪಗೊಳಿಸಿತಾದರೂ ಸೂಕ್ಷ್ಮವಾದ ಪ್ರಯೋಗಗಳನ್ನು ಕೈಬಿಡಲಿಲ್ಲ. ಆಕ್ಸ್‌ಫರ್ಡಿನಲ್ಲಿ ಬೋಧಕರಾದ ಆರಂಭದ ದಿನಗಳಲ್ಲಿ, ಮಹಿಳೆಯೆಂಬ ಕಾರಣಕ್ಕೆ ರಸಾಯನಶಾಸ್ತ್ರ ಬೋಧಕರ ಸಂಘದ ಸಭೆಗಳಿಗೆ ಇವರಿಗೆ ಪ್ರವೇಶವಿರಲಿಲ್ಲ. ನೊಬೆಲ್ ಪ್ರಶಸ್ತಿ ಬಂದಾಗಲೂ ಬ್ರಿಟನ್ನಿನ ಕೆಲವು ಪತ್ರಿಕೆಗಳು ಇವರನ್ನು ಗೃಹಿಣಿಯೆಂದೇ ಪರಿಚಯಿಸಿದವು. ಮುಂದೆ ಬ್ರಿಟನ್ನಿನ ಪ್ರಧಾನಿಯಾದ ಮಾರ್ಗರೆಟ್ ಥ್ಯಾಚರ್ ಅವರು ಇವರ ಬಳಿ ರಸಾಯನಶಾಸ್ತ್ರ ಕಲಿತವರು.

ಭಾರತದೊಡನೆ ಸಂಬಂಧ

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಡಾಕ್ಟರೇಟ್ ಮುಗಿಸಿದ ಎಂ. ವಿಜಯನ್ ಅವರು ಆಕ್ಸ್‌ಫರ್ಡಿಗೆ ತೆರಳಿ, ಇನ್ಸುಲಿನ್ ರಚನೆಯನ್ನು ಬಿಡಿಸಿದ ಡೊರೊಥಿಯವರ ತಂಡದಲ್ಲಿ ದುಡಿದರು. ಬಳಿಕ ಅದೇ ಸಂಸ್ಥೆಗೆ ಹಿಂದಿರುಗಿ ಪ್ರೋಟೀನ್ ಹರಳುಗಳ ಅಧ್ಯಯನವನ್ನು ಭಾರತದಲ್ಲಿ ಬೆಳೆಸಿದರು.

ಗೌರವಗಳು ಮತ್ತು ಕೊನೆಯ ದಿನಗಳು

೧೯೪೭ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಸದಸ್ಯರಾಗಿ ಆಯ್ಕೆಯಾದರು. ೧೯೬೫ರಲ್ಲಿ ದೊರೆತ ಆರ್ಡರ್ ಆಫ್ ಮೆರಿಟ್ ಗೌರವವನ್ನು ಇವರಿಗಿಂತ ಮೊದಲು ಪಡೆದಿದ್ದ ಮಹಿಳೆ ಫ್ಲಾರೆನ್ಸ್ ನೈಟಿಂಗೇಲ್ ಒಬ್ಬರೇ. ೧೯೭೦ರಿಂದ ೧೯೮೮ರವರೆಗೆ ಬ್ರಿಸ್ಟಲ್ ವಿಶ್ವವಿದ್ಯಾಲಯದ ಕುಲಾಧಿಪತಿಯಾಗಿದ್ದರು. ಅಣ್ವಸ್ತ್ರಗಳ ವಿರುದ್ಧ ವಿಜ್ಞಾನಿಗಳನ್ನು ಒಗ್ಗೂಡಿಸಿದ ಪಗ್‌ವಾಶ್ ಸಂಘಟನೆಗೆ ೧೯೭೬ರಿಂದ ೧೯೮೮ರವರೆಗೆ ಅಧ್ಯಕ್ಷರಾಗಿ ಸೇವೆ ಸಲ್ಲಿಸಿದರು. ೧೯೯೪ರ ಜುಲೈ ೨೯ರಂದು ಇಲ್ಮಿಂಗ್ಟನ್ ಗ್ರಾಮದ ತಮ್ಮ ಮನೆಯಲ್ಲಿ ನಿಧನರಾದರು.